ತೂಕ ನೋಡಿದವರ ಹೊಣೆ

2022ರ ಏಪ್ರಿಲ್. ವಿಶ್ವ ಆರೋಗ್ಯ ದಿನದ ಹೊತ್ತಿಗೆ ಬೆಂಗಳೂರಿನ ಜೆರೋಧಾ ಕಂಪನಿಯ ನಿತಿನ್ ಕಾಮತ್ ತಮ್ಮ ನೌಕರರಿಗೆ ಒಂದು ಆಸೆ ತೋರಿಸಿದರು. ಬಿಎಂಐ (ಕಿಲೊ ಲೆಕ್ಕದ ತೂಕವನ್ನು ಮೀಟರ್ ಲೆಕ್ಕದ ಎತ್ತರದ ವರ್ಗದಿಂದ ಭಾಗಿಸಿದರೆ ಸಿಗುವ ಸಂಖ್ಯೆ) 25ಕ್ಕಿಂತ ಕೆಳಗಿದ್ದವರಿಗೆ ಅರ್ಧ ತಿಂಗಳ ಸಂಬಳ ಬೋನಸ್ಸು. ತಂಡದ ಸರಾಸರಿ ಬಿಎಂಐ ಆಗ 25.3 ಇತ್ತು, ಆಗಸ್ಟ್ ವೇಳೆಗೆ ಅದು 24ರೊಳಗೆ ಇಳಿದರೆ ಎಲ್ಲರಿಗೂ ಇನ್ನರ್ಧ ತಿಂಗಳದ್ದು. ಬಿಎಂಐ ಅಷ್ಟೇನೂ ಒಳ್ಳೆಯ ಅಳತೆಗೋಲಲ್ಲ, ಆದರೆ ಶುರು ಮಾಡೋದಕ್ಕೆ ಸುಲಭ ಎಂದು ಅವರೇ ಹೇಳಿಕೊಂಡಿದ್ದರು. ಕೆಲವರು ಭೇಷ್ ಎಂದರು, ಕೆಲವರು ತರಾಟೆಗೆ ತೆಗೆದುಕೊಂಡರು.

ಅದಾಗಿ ಒಂದೂವರೆ ತಿಂಗಳೂ ಕಳೆದಿರಲಿಲ್ಲ. ಮೇ 16ರಂದು ರಾಜಾಜಿನಗರದ ಖಾಸಗಿ ಕಾಸ್ಮೆಟಿಕ್ ಕೇಂದ್ರವೊಂದಕ್ಕೆ ಕಿರುತೆರೆ ನಟಿ ಚೇತನಾ ರಾಜ್ ಕೊಬ್ಬು ತೆಗೆಸಿಕೊಳ್ಳಲು ಹೋದರು. ‘ಗೀತಾ’, ‘ದೊರೆಸಾನಿ’ ಧಾರಾವಾಹಿಗಳಲ್ಲಿ ನಟಿಸಿದ್ದ ಹುಡುಗಿ; ವಯಸ್ಸು 21. ಶಸ್ತ್ರಚಿಕಿತ್ಸೆಯ ನಂತರ ಶ್ವಾಸಕೋಶದಲ್ಲಿ ನೀರು ತುಂಬಿಕೊಂಡಿತೆಂದು ವರದಿಯಾಯಿತು. ಆ ಸಂಜೆಯೇ ತೀರಿಕೊಂಡರು. ವೈದ್ಯರ ನಿರ್ಲಕ್ಷ್ಯವೇ ಕಾರಣ ಎಂದು ತಂದೆತಾಯಿ ಆರೋಪಿಸಿದರು. ಆಪರೇಷನ್ ವಿಷಯ ತಮಗೆ ಗೊತ್ತೇ ಇರಲಿಲ್ಲ ಎಂದರು. ಆಕೆಯನ್ನು ಟಿವಿಯಲ್ಲಿ ನೋಡಿದ ಯಾರೂ ದಪ್ಪ ಹುಡುಗಿ ಎನ್ನಲಾರರು.

ಈ ಎರಡು ಘಟನೆಗಳಿಗೆ ಒಂದಕ್ಕೊಂದು ಸಂಬಂಧವಿಲ್ಲ. ಇದೆ ಎಂದು ಹೇಳುವುದು ಅನ್ಯಾಯ. ಆದರೆ ಒಂದೇ ಊರಿನ, ಒಂದೇ ಬೇಸಿಗೆಯ ಈ ಎರಡರ ನಡುವೆ ಒಂದು ಪ್ರಶ್ನೆ ಇದೆ. ಇನ್ನೊಬ್ಬರ ಮೈತೂಕ ನೋಡಿ ‘ಹೆಚ್ಚಾಯಿತು’ ಎನ್ನುವ ಅಧಿಕಾರ ಯಾರಿಗಿದೆ? ಹಾಗೆ ಹೇಳಿದ ಮೇಲೆ ಅವರು ಏನು ಮಾಡಬೇಕು? ವೈದ್ಯರು, ಕಂಪನಿ, ಶಾಲೆ, ವಿಮೆಯವರು, ಜಿಮ್ಮಿನ ಹುಡುಗ, ಮದುವೆ ಮನೆಯಲ್ಲಿ ಎದುರಾಗುವ ಚಿಕ್ಕಮ್ಮ: ಎಲ್ಲರೂ ನಮ್ಮ ತೂಕ ತಪಾಸಣೆ ಮಾಡುವವರೇ. ಚಿಕ್ಕಮ್ಮನಿಗೆ ಯಾರೂ ನೀತಿಸಂಹಿತೆ ಬರೆಯಲಾರರು. ಉಳಿದವರಿಗೆ ಬರೆಯಬಹುದು.

ರಾಜಾಜಿನಗರದ ಪಾರ್ಕುಗಳ ಗೇಟಿನಲ್ಲಿ ಭಾನುವಾರ ಬೆಳಿಗ್ಗೆ ಆಗಾಗ ಕಾಣುವ ದೃಶ್ಯವಿದು. ಒಂದು ಮಡಚುವ ಮೇಜು, ಎರಡು ಪ್ಲಾಸ್ಟಿಕ್ ಕುರ್ಚಿ, ‘ಉಚಿತ ಆರೋಗ್ಯ ತಪಾಸಣೆ’ ಬ್ಯಾನರ್. ವಾಕಿಂಗ್ ಮುಗಿಸಿದ ಗಂಡ ಹೆಂಡತಿ ನಿಲ್ಲುತ್ತಾರೆ. ಆಕೆ ಚಪ್ಪಲಿ ಬಿಟ್ಟು, ಸೊಪ್ಪಿನ ಚೀಲ ಕೆಳಗಿಟ್ಟು, ‘ಬೀಗದ ಕೈ ಗೊಂಚಲೂ ಲೆಕ್ಕಕ್ಕೆ ಬರುತ್ತಾ?’ ಎಂದು ನಗುತ್ತಾ ಯಂತ್ರದ ಮೇಲೆ ಹತ್ತುತ್ತಾರೆ. ಸ್ವಯಂಸೇವಕ ಹುಡುಗ ಬಗ್ಗಿ ನೋಡಿ, ನಾಲ್ಕು ಹೆಜ್ಜೆ ಆಚೆ ಪಟ್ಟಿ ಬರೆಯುತ್ತಿರುವ ಹುಡುಗಿಗೆ ಕೇಳಿಸಲೆಂದು ಕೂಗುತ್ತಾನೆ: ‘ಎಪ್ಪತ್ತೆರಡು ಪಾಯಿಂಟ್ ನಾಲ್ಕು!’ ಸಾಲಿನಲ್ಲಿ ನಿಂತವರಿಗೂ ಕೇಳುತ್ತದೆ. ಗಂಡ ಏನೋ ಜೋಕು ಮಾಡುತ್ತಾರೆ. ಆಕೆಗೊಂದು ಚೀಟಿ ಸಿಗುತ್ತದೆ, ‘ಓವರ್‌ವೇಟ್’ ಎಂಬಲ್ಲಿ ಟಿಕ್. ಜೊತೆಗೊಂದು ಕರಪತ್ರ: ಕರಿದ ತಿಂಡಿ ಬಿಡಿ, ದಿನಾ ನಡೆಯಿರಿ. ಆಕೆ ಆಗ ತಾನೇ ನಡೆದು ಬಂದಿದ್ದಾರೆ.

ಮೇಜಿನ ಹಿಂದಿರುವವರ ಉದ್ದೇಶ ಕೆಟ್ಟದ್ದೇನಲ್ಲ. ಆದರೆ ವೈದ್ಯಶಾಸ್ತ್ರ ಇದನ್ನು ತಪಾಸಣೆ ಎಂದು ಒಪ್ಪುವುದು ಕಷ್ಟ. ಆರೋಗ್ಯವಾಗಿದ್ದೇನೆ ಎಂದುಕೊಂಡಿರುವವರನ್ನು ಕರೆದು ರೋಗ ಹುಡುಕುವುದಕ್ಕೂ, ನೋವೆಂದು ಬಂದವರನ್ನು ಪರೀಕ್ಷಿಸುವುದಕ್ಕೂ ವ್ಯತ್ಯಾಸವಿದೆ. ಎರಡನೆಯದರಲ್ಲಿ ರೋಗಿಯೇ ಬಾಗಿಲು ತಟ್ಟಿದ್ದಾನೆ. ಮೊದಲನೆಯದರಲ್ಲಿ ನಾವು ಅವನ ಬಾಗಿಲು ತಟ್ಟಿದ್ದೇವೆ, ಹಾಗಾಗಿ ಹೊಣೆ ಹೆಚ್ಚು. 1968ರಲ್ಲಿ ವಿಲ್ಸನ್ ಮತ್ತು ಯುಂಗ್ನರ್ ಎಂಬಿಬ್ಬರು ವಿಶ್ವ ಆರೋಗ್ಯ ಸಂಸ್ಥೆಗಾಗಿ ಬರೆದುಕೊಟ್ಟ ಹತ್ತು ಸೂತ್ರಗಳು ಇಂದಿಗೂ ಈ ವಿಷಯದಲ್ಲಿ ಆಧಾರ. ಕಾಯಿಲೆ ಮುಖ್ಯವಾದದ್ದಾಗಿರಬೇಕು, ಪರೀಕ್ಷೆ ಜನ ಒಪ್ಪುವಂಥದ್ದಾಗಿರಬೇಕು ಎಂಬಂಥವು ಸರಿಯೇ. ಪೆಟ್ಟು ಬೀಳುವುದು ಬೇರೆಡೆ: ಯಾರನ್ನು ರೋಗಿ ಎಂದು ಪರಿಗಣಿಸಬೇಕೆಂಬ ಬಗ್ಗೆ ಒಮ್ಮತವಿರಬೇಕು, ಪತ್ತೆಯಾದವರಿಗೆ ಒಪ್ಪಿತ ಚಿಕಿತ್ಸೆ ಇರಬೇಕು, ಆ ಚಿಕಿತ್ಸೆ ಸಿಗುವ ಜಾಗವೂ ಇರಬೇಕು.

ಒಮ್ಮತದ ಕಥೆ ಮೊದಲು ನೋಡೋಣ. ಒಂದು ಮೀಟರ್ ಅರವತ್ತು ಸೆಂಟಿಮೀಟರ್ ಎತ್ತರ, 64 ಕಿಲೊ ತೂಕದ ಹೆಂಗಸನ್ನು ಊಹಿಸಿಕೊಳ್ಳಿ. ಬಿಎಂಐ ಸರಿಯಾಗಿ 25. ವಿಶ್ವ ಆರೋಗ್ಯ ಸಂಸ್ಥೆಯ ಸಾಮಾನ್ಯ ಲೆಕ್ಕದಲ್ಲಿ ಆಕೆ ‘ಅಧಿಕ ತೂಕ’ದ ಹೊಸ್ತಿಲಲ್ಲಿ ಈಗಷ್ಟೇ ಕಾಲಿಟ್ಟವಳು, ಬೊಜ್ಜಿನ ರೋಗಿ ಎನ್ನಿಸಿಕೊಳ್ಳಲು 30 ಆಗಬೇಕು. ಭಾರತದ ತಜ್ಞರು 2009ರಲ್ಲಿ ಪ್ರಕಟಿಸಿದ ಮಾರ್ಗಸೂಚಿಯ ಪ್ರಕಾರ 23ಕ್ಕೇ ಅಧಿಕ ತೂಕ, 25ಕ್ಕೇ ಬೊಜ್ಜು. ವಿಮಾನ ಹತ್ತಿ ಲಂಡನ್‌ನಲ್ಲಿಳಿದರೆ ಕಾಯಿಲೆ ವಾಸಿಯಾದಂತೆ!

ನಗುವ ವಿಷಯವೇ, ಆದರೆ ಹಿಂದೆ ಗಟ್ಟಿ ಕಾರಣವಿದೆ. ಪುಣೆಯ ಮಧುಮೇಹ ತಜ್ಞ ಸಿ.ಎಸ್. ಯಾಜ್ಞಿಕ್ ಮತ್ತು ಬ್ರಿಟನ್ನಿನ ಜಾನ್ ಯುಡ್ಕಿನ್ 2004ರಲ್ಲಿ ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ತಮ್ಮಿಬ್ಬರದೇ ಫೋಟೊ ಹಾಕಿ ಒಂದು ಪುಟ್ಟ ಟಿಪ್ಪಣಿ ಬರೆದರು. ಇಬ್ಬರ ಬಿಎಂಐಯೂ 22.3. ಯುಡ್ಕಿನ್ ಮೈಯಲ್ಲಿ ಕೊಬ್ಬು ಶೇ 9.1, ಯಾಜ್ಞಿಕ್ ಮೈಯಲ್ಲಿ ಶೇ 21.2. ಕೈಕಾಲು ಸಣ್ಣ, ಹೊಟ್ಟೆ ಮಾತ್ರ ಮುಂದೆ: ನಮ್ಮ ಕಡೆಯ ಈ ಮೈಕಟ್ಟು ಶರ್ಟಿನೊಳಗೆ ಅಡಗಿಕೊಳ್ಳುತ್ತದೆ, ತಕ್ಕಡಿಗೂ ಸಿಗುವುದಿಲ್ಲ. ಆದ್ದರಿಂದ ಗೆರೆಯನ್ನು ಕೆಳಗೆ ಎಳೆದರು. ಗೆರೆ ಕೆಳಗಿಳಿದಾಗ ಅಪಾಯವಿದ್ದವರು ಹೆಚ್ಚು ಸಿಗುತ್ತಾರೆ. ಅಪಾಯವೇ ಇಲ್ಲದ ಲಕ್ಷಾಂತರ ಜನರ ಹಣೆಗೂ ಚೀಟಿ ಅಂಟುತ್ತದೆ.

ಇನ್ನು ಬಿಎಂಐಯ ಹುಟ್ಟು. 1830ರ ದಶಕದಲ್ಲಿ ಇದನ್ನು ರೂಪಿಸಿದ ಬೆಲ್ಜಿಯಂನ ಕೆಟ್ಲೆ ವೈದ್ಯನಲ್ಲ, ಖಗೋಳಶಾಸ್ತ್ರಜ್ಞ ಮತ್ತು ಸಂಖ್ಯಾಶಾಸ್ತ್ರಜ್ಞ. ಅವನಿಗೆ ಬೇಕಾಗಿದ್ದದ್ದು ಸಮಾಜದ ‘ಸರಾಸರಿ ಮನುಷ್ಯ’. 1972ರಲ್ಲಿ ಅಮೆರಿಕದ ಆನ್ಸೆಲ್ ಕೀಸ್ ಐದು ದೇಶಗಳ ಏಳು ಸಾವಿರಕ್ಕೂ ಹೆಚ್ಚು ಗಂಡಸರ ಅಳತೆ ಇಟ್ಟುಕೊಂಡು ಅದಕ್ಕೆ ಇಂದಿನ ಹೆಸರಿಟ್ಟ. ಹೆಂಗಸರೇ ಇಲ್ಲದ ಆ ಲೆಕ್ಕದಿಂದ ನಮ್ಮ ಪಾರ್ಕಿನ ಮೇಜಿನವರೆಗೆ ಸೂತ್ರ ನಡೆದು ಬಂದಿದೆ. ಗುಂಪನ್ನು ಅಳೆಯುವುದಕ್ಕೆ ಅದು ಈಗಲೂ ಕೆಲಸಕ್ಕೆ ಬರುತ್ತದೆ. ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಐದನೇ ಸುತ್ತಿನಲ್ಲಿ (2019–21) ಕರ್ನಾಟಕದ ಶೇ 30ರಷ್ಟು ಮಹಿಳೆಯರು ಅಧಿಕ ತೂಕ ಅಥವಾ ಬೊಜ್ಜಿನವರು ಎಂದು ಗೊತ್ತಾದದ್ದು, ಶೇ 17ರಷ್ಟು ಮಹಿಳೆಯರು ಇರಬೇಕಾದ್ದಕ್ಕಿಂತ ಸಣಕಲು ಎಂದು ಗೊತ್ತಾದದ್ದು ಇದೇ ಸೂತ್ರದಿಂದ. ಆದರೆ ರಾಜ್ಯದ ಲೆಕ್ಕ ಹೇಳುವ ಸಂಖ್ಯೆಯನ್ನು ಒಬ್ಬರ ಚೀಟಿಯ ಮೇಲೆ ರೋಗದ ಹೆಸರಾಗಿ ಬರೆಯುವಾಗ ಸ್ವಲ್ಪ ತಡೆಯಬೇಕು. 2025ರ ಜನವರಿಯಲ್ಲಿ ‘ಲ್ಯಾನ್ಸೆಟ್’ ನೇಮಿಸಿದ ತಜ್ಞರ ಆಯೋಗವೂ ಹೆಚ್ಚುಕಡಿಮೆ ಇದನ್ನೇ ಹೇಳಿತು: ಕೊಬ್ಬು ಹೆಚ್ಚಿದ್ದು ಅಂಗಾಂಗ ಕೆಟ್ಟಿದ್ದರೆ ಅದು ರೋಗ; ಕೊಬ್ಬು ಹೆಚ್ಚಿದ್ದರೂ ದೇಹ ಚೆನ್ನಾಗಿ ನಡೆಯುತ್ತಿದ್ದರೆ ಅದು ಎಚ್ಚರಿಕೆ ಮಾತ್ರ; ಎರಡನ್ನೂ ಬಿಎಂಐ ಒಂದರಿಂದಲೇ ತೀರ್ಮಾನಿಸಬಾರದು.

ಇಷ್ಟು ಹೇಳಿದ ಮೇಲೆ ತೂಕ ನೋಡುವುದನ್ನೇ ಬಿಡೋಣ ಎನ್ನುವವರ ಪಕ್ಷಕ್ಕೆ ನಾನು ಸೇರುವುದಿಲ್ಲ. ಐಸಿಎಂಆರ್‌ನ ದೊಡ್ಡ ಸಮೀಕ್ಷೆ 2023ರಲ್ಲಿ ಪ್ರಕಟವಾದಾಗ ದೇಶದಲ್ಲಿ ಸುಮಾರು 10.1 ಕೋಟಿ ಮಧುಮೇಹಿಗಳಿದ್ದಾರೆ ಎಂಬ ಅಂದಾಜು ಸಿಕ್ಕಿತು. ಸಕ್ಕರೆ ಕಾಯಿಲೆ, ಬಿಪಿ ವರ್ಷಗಟ್ಟಲೆ ಸದ್ದಿಲ್ಲದೆ ಇರುತ್ತವೆ. ಯಾರ ರಕ್ತ ಮೊದಲು ಪರೀಕ್ಷಿಸಬೇಕೆಂದು ಗೊತ್ತುಮಾಡಲು ಸೊಂಟದ ಅಳತೆಗಿಂತ ಅಗ್ಗದ ಸುಳಿವು ಇಲ್ಲ.

ಆಶಾ ಕಾರ್ಯಕರ್ತೆಯರ ಕೈಯಲ್ಲಿರುವ ಅಸಾಂಕ್ರಾಮಿಕ ರೋಗಗಳ ಫಾರಂ ಇದನ್ನೇ ಮಾಡುತ್ತದೆ. ಮೂವತ್ತು ದಾಟಿದವರ ವಯಸ್ಸು, ಬೀಡಿ ಸಿಗರೇಟು ತಂಬಾಕು, ಕುಡಿತ, ಸೊಂಟದ ಸುತ್ತಳತೆ, ವ್ಯಾಯಾಮ, ಮನೆಯಲ್ಲಿ ಯಾರಿಗಾದರೂ ಬಿಪಿ ಶುಗರ್ ಇದೆಯೇ ಎಂಬುದು: ಪ್ರತಿಯೊಂದಕ್ಕೂ ಅಂಕ. ಹೆಂಗಸರ ಸೊಂಟ 80 ಸೆಂಟಿಮೀಟರ್ ದಾಟಿದರೆ ಒಂದಂಕ, 90 ದಾಟಿದರೆ ಎರಡು; ಗಂಡಸರಿಗೆ ಈ ಗೆರೆಗಳು 90 ಮತ್ತು 100. ಒಟ್ಟು ನಾಲ್ಕಕ್ಕಿಂತ ಹೆಚ್ಚಾದವರನ್ನು ಮೊದಲು ತಪಾಸಣೆಗೆ ಕಳಿಸಬೇಕು. ಇಲ್ಲಿ ಸೊಂಟ ತೀರ್ಪಲ್ಲ, ಆರು ಸುಳಿವುಗಳಲ್ಲಿ ಒಂದು. ಚೆನ್ನಾಗಿ ಯೋಚಿಸಿ ಮಾಡಿದ ಫಾರಂ.

ಕಷ್ಟವಿರುವುದು ಟೇಪು ಹಿಡಿಯುವ ಜಾಗದಲ್ಲಿ. ಕೊನೆಯ ಪಕ್ಕೆಲುಬಿಗೂ ಸೊಂಟದ ಮೂಳೆಗೂ ನಡುವೆ, ಉಸಿರು ಬಿಟ್ಟಾಗ, ಬಟ್ಟೆ ಸರಿಸಿ ಅಳೆಯಬೇಕು. ಕಾಮಾಕ್ಷಿಪಾಳ್ಯದ ಕಡೆಯ ಒಂದೇ ಕೋಣೆಯ ಬಾಡಿಗೆ ಮನೆ. ಮಂಚದ ಮೇಲೆ ಅತ್ತೆ, ಬಾಗಿಲಲ್ಲಿ ಮೈದುನ. ಸೀರೆಯ ನೆರಿಗೆಯ ಮೇಲೇ ಟೇಪು ಸುತ್ತಬೇಕಾಗುತ್ತದೆ. ಎರಡು ಮೂರು ಸೆಂಟಿಮೀಟರ್ ಅತ್ತ ಇತ್ತ ಆದರೆ ಅಂಕವೂ ಅತ್ತ ಇತ್ತ. ‘ನಾಳೆ ಬಾರಮ್ಮ, ಇವರೆಲ್ಲ ಕೆಲಸಕ್ಕೆ ಹೋಗಿರ್ತಾರೆ’ ಎಂದು ಸೊಸೆ ಹೇಳಿದರೆ ಅದೇ ಸರಿಯಾದ ಉತ್ತರ. ನಾಳೆ ಮತ್ತೆ ಬರುವ ವ್ಯವಧಾನ, ದಿನಕ್ಕಿಷ್ಟು ಮನೆ ಎಂದು ಗುರಿ ಹೊತ್ತ ಆಶಾಗೆ ಇರಬೇಕಷ್ಟೆ. 2024ರಲ್ಲಿ ಕೋಲಾರದಿಂದ ಆರಂಭವಾದ ರಾಜ್ಯ ಸರ್ಕಾರದ ಗೃಹ ಆರೋಗ್ಯ ಯೋಜನೆಯೂ ಮನೆ ಬಾಗಿಲಿಗೆ ತಪಾಸಣೆ ತರುವಂಥದ್ದು. ಅದಕ್ಕೂ ಇದೇ ಪರೀಕ್ಷೆ ಕಾದಿದೆ.

ಅಧಿಕಾರ ಸೇರಿಕೊಂಡಾಗ ವಿಷಯ ಬೇರೆಯೇ ಬಣ್ಣ ಪಡೆಯುತ್ತದೆ. 2018ರಲ್ಲಿ ಕರ್ನಾಟಕ ರಾಜ್ಯ ಮೀಸಲು ಪೊಲೀಸ್ ಪಡೆಯ ಮುಖ್ಯಸ್ಥರಾಗಿದ್ದ ಭಾಸ್ಕರ್ ರಾವ್, ಹೊಟ್ಟೆ ಬೆಳೆಸಿಕೊಂಡ ಸಿಬ್ಬಂದಿಯನ್ನು ಗುರುತಿಸಿ, ತೂಕ ಇಳಿಸದಿದ್ದರೆ ಅಮಾನತು ಎಂದು ಎಚ್ಚರಿಸಿದ್ದು ದೊಡ್ಡ ಸುದ್ದಿಯಾಗಿತ್ತು. ಜೀವನಶೈಲಿಯ ಕಾಯಿಲೆಗಳಿಂದ ಸಿಬ್ಬಂದಿ ಸಾಯುತ್ತಿರುವುದು ಅವರ ಆತಂಕವಾಗಿತ್ತು. ಅದು ನಿಜವಾದ ಆತಂಕ. ಗಲಭೆಯಾದಲ್ಲಿಗೆ ಓಡಬೇಕಾದವರಿಗೆ ಓಡುವ ಶಕ್ತಿ ಬೇಕೆಂಬುದೂ ಸರಿ. ಹಾಗಾದರೆ ಓಟವನ್ನೇ ಪರೀಕ್ಷಿಸಬಹುದಲ್ಲ? ಹಗಲು ರಾತ್ರಿಯೆನ್ನದ ಬಂದೋಬಸ್ತ್, ವ್ಯಾನಿನಲ್ಲೇ ನಿದ್ದೆ, ಸಿಕ್ಕಿದ ಹೊತ್ತಿಗೆ ಸಿಕ್ಕಿದ ಪೊಟ್ಟಣದ ಊಟ: ಇವನ್ನೆಲ್ಲ ಕೊಟ್ಟ ಇಲಾಖೆಯೇ ಹೊಟ್ಟೆಗೆ ನೋಟಿಸು ಕೊಟ್ಟರೆ ಪೇದೆ ಯಾರಿಗೆ ಹೇಳಿಕೊಳ್ಳಬೇಕು?

ಜಪಾನ್ 2008ರಲ್ಲಿ ಮಾಡಿದ ಕಾನೂನು ಈ ಗಂಟನ್ನು ಇನ್ನೊಂದು ತುದಿಯಿಂದ ಹಿಡಿಯಿತು. 40ರಿಂದ 74 ವಯಸ್ಸಿನವರ ಸೊಂಟ ವರ್ಷಕ್ಕೊಮ್ಮೆ ಅಳೆಯಬೇಕು. ಗಂಡಸರಿಗೆ 85 ಸೆಂಟಿಮೀಟರ್, ಹೆಂಗಸರಿಗೆ 90. ದಾಟಿದವರಿಗೆ ಶಿಕ್ಷೆಯಿಲ್ಲ, ಸಲಹೆ ಕೊಡಬೇಕು. ಗುರಿ ತಪ್ಪಿದರೆ ಆರ್ಥಿಕ ಹೊರೆ ಬೀಳುವುದು ವಿಮಾ ಸಂಸ್ಥೆಯ ಮೇಲೆ. ಹೊಣೆ ಬಿದ್ದ ಜಾಗ ಸರಿಯಾಗಿದೆ. ಆದರೂ 2020ರಲ್ಲಿ ಸಂಶೋಧಕರು ಲೆಕ್ಕ ಹಾಕಿದಾಗ ತೂಕ ಅಲ್ಪಸ್ವಲ್ಪ ಇಳಿದಿತ್ತೇ ಹೊರತು ಬಿಪಿ, ಸಕ್ಕರೆ, ಕೊಲೆಸ್ಟರಾಲ್‌ಗಳಲ್ಲಿ ಹೇಳಿಕೊಳ್ಳುವಂಥ ಸುಧಾರಣೆ ಕಾಣಲಿಲ್ಲ.

ಜೆರೋಧಾದ ಬೋನಸ್ಸಿನಲ್ಲಿ ಅಮಾನತಿನ ಬೆದರಿಕೆ ಇರಲಿಲ್ಲ, ನಿಜ. ನನಗೆ ಮುಜುಗರವಾಗುವುದು ಅದರ ಎರಡನೇ ಅರ್ಧದ ಬಗ್ಗೆ. ತಂಡದ ಸರಾಸರಿ ಇಳಿದರೆ ಎಲ್ಲರಿಗೂ ದುಡ್ಡು ಎಂದಾಗ, ಪಕ್ಕದ ಮೇಜಿನವನ ಸೊಂಟ ನನ್ನ ಜೇಬಿನ ವಿಷಯವಾಗುತ್ತದೆ. ಥೈರಾಯ್ಡ್ ಇರುವವಳು, ಈಗಷ್ಟೇ ಹೆರಿಗೆಯಾದವಳು, ಖಿನ್ನತೆಗೆ ಮಾತ್ರೆ ನುಂಗಿ ತೂಕ ಏರಿಸಿಕೊಂಡವನು ಕ್ಯಾಂಟೀನಿನಲ್ಲಿ ಇನ್ನೊಂದು ವಡೆ ತೆಗೆದುಕೊಂಡರೆ ಯಾರೂ ಏನೂ ಅನ್ನದೇ ಇರಬಹುದು, ನೋಡುವುದಂತೂ ನೋಡುತ್ತಾರೆ. ಮುಂದೆ 2024ರಲ್ಲಿ ಕಾಮತ್ ತಮಗೆ ಲಘು ಪಾರ್ಶ್ವವಾಯು ಆಗಿದ್ದನ್ನು ತಾವೇ ಬರೆದುಕೊಂಡರು. ತಂದೆಯ ಸಾವು, ನಿದ್ದೆಗೇಡು, ದಣಿವು, ಅತಿಯಾದ ವ್ಯಾಯಾಮ, ಇವುಗಳಲ್ಲಿ ಯಾವುದಾದರೂ ಕಾರಣವಿರಬಹುದು ಎಂದರು. ಇವುಗಳಲ್ಲಿ ಒಂದನ್ನೂ ತೂಕದ ಯಂತ್ರ ತೋರಿಸುವುದಿಲ್ಲ.

ಮಕ್ಕಳ ವಿಷಯದಲ್ಲಿ ಇನ್ನಷ್ಟು ಎಚ್ಚರ ಬೇಕು. ನಮ್ಮ ಭಾಗದ ಬಹಳಷ್ಟು ಖಾಸಗಿ ಶಾಲೆಗಳಲ್ಲಿ ವರ್ಷಕ್ಕೊಮ್ಮೆ ‘ಹೆಲ್ತ್ ಚೆಕಪ್’ ನಡೆಯುತ್ತದೆ, ಮಾರ್ಕ್ಸ್ ಕಾರ್ಡಿನ ಜೊತೆ ಎತ್ತರ ತೂಕ ಮನೆಗೆ ಬರುತ್ತದೆ. ಮಕ್ಕಳ ಬಿಎಂಐಯನ್ನು ವಯಸ್ಸು, ಲಿಂಗಕ್ಕೆ ತಕ್ಕ ಬೆಳವಣಿಗೆಯ ನಕ್ಷೆಯ ಮೇಲಿಟ್ಟೇ ನೋಡಬೇಕು. ಭಾರತೀಯ ಮಕ್ಕಳ ವೈದ್ಯರ ಅಕಾಡೆಮಿ 2015ರಲ್ಲಿ ಅಂಥ ನಕ್ಷೆ ಕೊಟ್ಟಿದೆ. ದೊಡ್ಡವರ ಕೋಷ್ಟಕ ಮಕ್ಕಳಿಗೆ ಹೊಂದುವುದಿಲ್ಲ. ಅಮೆರಿಕದ ಅರ್ಕನ್ಸಾ ರಾಜ್ಯ 2003ರಲ್ಲಿ ಕಾನೂನು ಮಾಡಿ ಮಕ್ಕಳ ಬಿಎಂಐ ವರದಿಯನ್ನು ಪೋಷಕರಿಗೆ ಕಳಿಸಲು ಶುರುಮಾಡಿದಾಗ ಹಲವರಿಗೆ ಅದು ಒಳ್ಳೆಯ ಯೋಚನೆ ಅನ್ನಿಸಿತ್ತು. ಆಮೇಲೆ ಕ್ಯಾಲಿಫೋರ್ನಿಯಾದ 79 ಶಾಲೆಗಳ ಇಪ್ಪತ್ತೆಂಟು ಸಾವಿರಕ್ಕೂ ಹೆಚ್ಚು ಮಕ್ಕಳ ಮೇಲೆ ಸರಿಯಾದ ಪ್ರಯೋಗ ನಡೆಯಿತು, ಫಲಿತಾಂಶ 2021ರಲ್ಲಿ ಬಂತು. ವರದಿ ಮನೆಗೆ ಹೋದ ಮಕ್ಕಳ ತೂಕದಲ್ಲಿ ಯಾವ ವ್ಯತ್ಯಾಸವೂ ಆಗಿರಲಿಲ್ಲ. ಶಾಲೆಯಲ್ಲಿ ತೂಕ ನೋಡಿಸಿಕೊಂಡ ಮಕ್ಕಳಿಗೆ ತಮ್ಮ ಮೈಯ ಬಗ್ಗೆ ಅಸಮಾಧಾನ ಮಾತ್ರ ಹೆಚ್ಚಿತ್ತು.

ಹೀಯಾಳಿಸಿದರೆ ಛಲ ಹುಟ್ಟಿ ಸಣ್ಣಗಾಗುತ್ತಾರೆ ಎಂಬ ನಂಬಿಕೆ ನಮ್ಮಲ್ಲಿ ಗಟ್ಟಿಯಾಗಿದೆ. ‘ಒಳ್ಳೇದಕ್ಕೇ ಹೇಳ್ತಿದೀನಿ’ ಎಂಬ ಪೀಠಿಕೆಯೊಂದಿಗೆ ಬರುವ ಮಾತದು. ಇಂಗ್ಲೆಂಡಿನಲ್ಲಿ 2,944 ಮಂದಿಯನ್ನು ನಾಲ್ಕು ವರ್ಷ ಗಮನಿಸಿ 2014ರಲ್ಲಿ ಪ್ರಕಟಿಸಿದ ಅಧ್ಯಯನ ಬೇರೆಯೇ ಹೇಳಿತು. ತೂಕದ ಕಾರಣಕ್ಕೆ ತಾರತಮ್ಯ ಅನುಭವಿಸಿದೆ ಎಂದವರು ಸರಾಸರಿ 0.95 ಕಿಲೊ ಏರಿದ್ದರು; ಹಾಗೆ ಅನುಭವಿಸದವರು 0.71 ಕಿಲೊ ಇಳಿದಿದ್ದರು.

ಈಗ ಚಿಕಿತ್ಸೆಗೆ ಬರೋಣ. ನನ್ನ ತಕರಾರಿನ ಮೂಲ ಇಲ್ಲಿದೆ. ಅಮೆರಿಕದ ತಪಾಸಣಾ ತಜ್ಞರ ಕಾರ್ಯಪಡೆ 2024ರಲ್ಲಿ, ಆರು ವರ್ಷ ದಾಟಿದ ಬೊಜ್ಜಿನ ಮಕ್ಕಳಿಗೆ ವರ್ಷದೊಳಗೆ ಕನಿಷ್ಠ 26 ಗಂಟೆಗಳ ಮಾರ್ಗದರ್ಶನ ಕೊಟ್ಟರೆ ಪ್ರಯೋಜನವಿದೆ ಎಂದಿತು. ಇಪ್ಪತ್ತಾರು ಗಂಟೆ. ಪಾರ್ಕಿನ ಮೇಜಿನಲ್ಲಿ ಕರಪತ್ರ ಕೈಗಿಡಲು ಹಿಡಿಯುವುದು ಅರ್ಧ ನಿಮಿಷ.

ರಾಜಾಜಿನಗರದಲ್ಲೇ ಇಎಸ್‌ಐ ಆಸ್ಪತ್ರೆ ಇದೆ, ವೈದ್ಯಕೀಯ ಕಾಲೇಜೂ ಇದೆ. ಪೀಣ್ಯ, ಕಾಮಾಕ್ಷಿಪಾಳ್ಯದ ಶೆಡ್ಡುಗಳಿಂದ, ಗಾರ್ಮೆಂಟ್ಸ್‌ಗಳಿಂದ ಕಾರ್ಮಿಕರು ಬೆಳಿಗ್ಗೆಯೇ ಬಂದು ಚೀಟಿಗೆ ನಿಲ್ಲುತ್ತಾರೆ. ಇಎಸ್‌ಐ ಸೌಲಭ್ಯಕ್ಕೆ ಸಂಬಳದ ಮಿತಿ 2017ರಿಂದ ತಿಂಗಳಿಗೆ 21,000 ರೂಪಾಯಿ. 2025ರ ಮಾರ್ಚ್‌ನಲ್ಲಿ ತೂಕ ಇಳಿಸುವ ಹೊಸ ಚುಚ್ಚುಮದ್ದು ಮೌಂಜಾರೊ ಭಾರತಕ್ಕೆ ಬಂದಾಗ 5 ಮಿಲಿಗ್ರಾಮಿನ ಒಂದು ಸೀಸೆಗೆ 4,375 ರೂಪಾಯಿ ಇತ್ತು; ವಾರಕ್ಕೊಂದು ಬೇಕು. ತಿಂಗಳಿಗೆ 17,500. ಹೊಲಿಗೆ ಯಂತ್ರದ ಮುಂದೆ ದಿನವಿಡೀ ಕೂರುವ ಹೆಂಗಸಿಗೆ ‘ನಿನಗೆ ಬೊಜ್ಜು’ ಎಂದು ಹೇಳಿ, ಇದಕ್ಕೆ ಮದ್ದಿದೆ ಎಂದೂ ಹೇಳಿ, ಈ ಬೆಲೆ ತೋರಿಸುವುದು ಯಾವ ನ್ಯಾಯ? ತೂಕ ಇಳಿಸುವ ಶಸ್ತ್ರಚಿಕಿತ್ಸೆಗೆ ಆರೋಗ್ಯ ವಿಮೆ ಸಿಗಬೇಕಾದರೆ ವಿಮಾ ಪ್ರಾಧಿಕಾರದ ನಿಯಮದಂತೆ ಬಿಎಂಐ 40 ಮುಟ್ಟಿರಬೇಕು, ಇಲ್ಲವೇ ಗಂಭೀರ ಕಾಯಿಲೆಗಳ ಜೊತೆ 35. ಅಂದರೆ 25ಕ್ಕೇ ರೋಗಿ ಎನ್ನಿಸಿಕೊಂಡವಳು ಹಣದ ನೆರವಿಗೆ ಇನ್ನೂ ಹತ್ತು ಹದಿನೈದು ಅಂಕ ಕಾಯಬೇಕು!

ಸರ್ಕಾರದ ಬಾಗಿಲು ಹೀಗೆ ಅರೆ ತೆರೆದಿರುವಾಗ ಪಕ್ಕದ ಬಾಗಿಲುಗಳು ಪೂರ್ತಿ ತೆರೆದುಕೊಳ್ಳುತ್ತವೆ. ಡಾ. ರಾಜ್‌ಕುಮಾರ್ ರಸ್ತೆಯಲ್ಲಿ ಸುಮ್ಮನೆ ಒಂದು ಸುತ್ತು ಹಾಕಿ ಬೋರ್ಡುಗಳನ್ನು ಓದಿ: ಸ್ಲಿಮ್ಮಿಂಗ್, ಇಂಚ್ ಲಾಸ್, ಫ್ಯಾಟ್ ಫ್ರೀಜಿಂಗ್. ‘ಫ್ರೀ ಬಾಡಿ ಅನಾಲಿಸಿಸ್’ ಎಂದು ಕರೆದು, ಯಂತ್ರದ ಮೇಲೆ ನಿಲ್ಲಿಸಿ, ಕೊಬ್ಬು ಇಷ್ಟು, ‘ಮೆಟಬಾಲಿಕ್ ಏಜ್’ ಅಷ್ಟು ಎಂದು ಕೆಂಪಕ್ಷರದ ಹಾಳೆ ಕೊಡುತ್ತಾರೆ. ಫೋನ್ ನಂಬರ್ ಮೊದಲೇ ತೆಗೆದುಕೊಂಡಿರುತ್ತಾರೆ. ಆಮೇಲೆ ತಿಂಗಳುಗಟ್ಟಲೆ ಕರೆ. ಇಲ್ಲಿ ಅಳೆಯುವವನೇ ಮಾರುವವನು. ಎಷ್ಟು ಭಯವೋ ಅಷ್ಟು ವ್ಯಾಪಾರ. ವಿಲ್ಸನ್, ಯುಂಗ್ನರ್ ಇಬ್ಬರೂ ಇಂಥದ್ದನ್ನು ಊಹಿಸಿರಲಿಕ್ಕಿಲ್ಲ. ಇನ್ನು ಕೊಬ್ಬು ಹೀರಿ ತೆಗೆಯುವ ಲೈಪೊಸಕ್ಷನ್ ಬೊಜ್ಜಿಗೆ ಚಿಕಿತ್ಸೆಯೇ ಅಲ್ಲ. ಹೊಟ್ಟೆಯ ಚರ್ಮದಡಿಯಿಂದ ಸುಮಾರು ಹತ್ತು ಕಿಲೊ ಕೊಬ್ಬು ತೆಗೆದರೂ ಇನ್ಸುಲಿನ್, ಬಿಪಿ, ಕೊಲೆಸ್ಟರಾಲ್ ಯಾವುದೂ ಸುಧಾರಿಸಲಿಲ್ಲ ಎಂದು 2004ರಲ್ಲೇ ಹದಿನೈದು ಮಹಿಳೆಯರ ಮೇಲಿನ ಪ್ರಯೋಗ ತೋರಿಸಿದೆ. ಅದು ಕನ್ನಡಿಗೆ ಮಾಡುವ ಆಪರೇಷನ್, ಅಪಾಯ ಮಾತ್ರ ದೇಹದ್ದು. 21ರ ನಟಿಗೆ ಯಾವ ವೈದ್ಯಕೀಯ ಗೆರೆಯೂ ‘ಹೆಚ್ಚು’ ಎಂದು ಹೇಳಬೇಕಾಗಿರಲಿಲ್ಲ. ಕ್ಯಾಮೆರಾದ ಗೆರೆ ಬೇರೆ.

ತಪಾಸಣೆಗೆ ಮನುಷ್ಯರು ಮಾತ್ರ ಸಿಗುತ್ತಾರೆ, ಬೀದಿ ಸಿಗುವುದಿಲ್ಲ ಎಂಬುದೂ ಒಂದು ತೊಡಕು. ಬಸವೇಶ್ವರನಗರದಿಂದ ನವರಂಗ್‌ವರೆಗೆ ಫುಟ್‌ಪಾತಿನ ಮೇಲೇ ನಡೆದು ಬನ್ನಿ ನೋಡೋಣ. ನಿಂತ ಬೈಕು, ಟ್ರಾನ್ಸ್‌ಫಾರ್ಮರ್, ಎದ್ದ ಚಪ್ಪಡಿ. ವಿಜಯನಗರದಲ್ಲಿ ಸಂಜೆ ಆರಕ್ಕೆ ಮಕ್ಕಳು ಆಡಲು ಎಷ್ಟು ಮೈದಾನ ಉಳಿದಿದೆ, ಬೇಕರಿ ಎಷ್ಟಿದೆ ಎಂದು ಎಣಿಸಿದರೆ ಯಾರ ಬಿಎಂಐ ನೋಡಬೇಕೆಂಬುದು ಸ್ಪಷ್ಟವಾಗುತ್ತದೆ. (ಅಯ್ಯಂಗಾರ್ ಬೇಕರಿಯ ಖಾರದ ಬನ್ನಿನ ವಿರುದ್ಧ ನನ್ನ ದೂರಿಲ್ಲ.)

ಹಾಗಾದರೆ ಮುಂದಿನ ಭಾನುವಾರದ ಮೇಜಿನಲ್ಲಿ ಏನಿರಬೇಕು? ಒಂದು ಪರದೆ ಮೊದಲು. ಸಂಖ್ಯೆಯನ್ನು ಕೂಗದೆ ಚೀಟಿಯಲ್ಲಿ ಬರೆದು ಅವರ ಕೈಗೇ ಕೊಡುವ ಅಭ್ಯಾಸ. ತೂಕ ನೋಡಬಹುದೇ ಎಂದು ಕೇಳುವುದು, ಬೇಡವೆಂದರೆ ಬಿಪಿ ಮಾತ್ರ ನೋಡಿ ಕಳಿಸುವುದು. ಪಟ್ಟಿಯಲ್ಲಿರುವ ಹೆಸರು ನಂಬರು ಎಲ್ಲಿಗೆ ಹೋಗುತ್ತದೆ ಎಂದು ಹೇಳುವುದು. 2023ರಲ್ಲಿ ಸಂಸತ್ತು ವೈಯಕ್ತಿಕ ದತ್ತಾಂಶ ಸಂರಕ್ಷಣೆಗೆ ಕಾನೂನನ್ನೇ ಮಾಡಿದೆ. ಮುಂದಿನ ವಾರ ಯಾವ ಕ್ಲಿನಿಕ್ಕಿಗೆ, ಯಾವ ಹೊತ್ತಿಗೆ ಹೋಗಿ ಸಕ್ಕರೆ ಪರೀಕ್ಷೆ ಮಾಡಿಸಿಕೊಳ್ಳಬೇಕು ಎಂಬುದು ಚೀಟಿಯ ಹಿಂಬದಿಯಲ್ಲಿರಬೇಕು. ಅದನ್ನು ಬರೆಯಲಾಗದಿದ್ದರೆ ಯಂತ್ರವನ್ನು ಡಬ್ಬದಿಂದ ತೆಗೆಯದಿರುವುದೇ ಮೇಲು.

ಯಾರ ಮುಂದೆಯೂ ನಿಲ್ಲದೆ ಮನೆಯಲ್ಲೇ ನೋಡಿಕೊಳ್ಳುವ ದಾರಿಯೂ ಇದೆ. ನಿಮ್ಮ ಎತ್ತರದಷ್ಟು ದಾರ ತೆಗೆದುಕೊಂಡು ಸರಿಯಾಗಿ ಅರ್ಧಕ್ಕೆ ಮಡಚಿ, ಸಹಜವಾಗಿ ಉಸಿರು ಬಿಟ್ಟು ಸೊಂಟಕ್ಕೆ ಸುತ್ತಿ. ತುದಿಗಳು ಕೂಡಿದರೆ ಸರಿ. ಕೂಡದಿದ್ದರೆ ಬಿಪಿ, ಸಕ್ಕರೆ ಒಮ್ಮೆ ನೋಡಿಸಿಕೊಳ್ಳುವುದು ಒಳ್ಳೆಯದು. ಸೊಂಟ ಎತ್ತರದ ಅರ್ಧಕ್ಕಿಂತ ಕಡಿಮೆ ಇರಲಿ ಎಂದು ಬ್ರಿಟನ್ನಿನ ರಾಷ್ಟ್ರೀಯ ಆರೋಗ್ಯ ಮಾರ್ಗಸೂಚಿ ಸಂಸ್ಥೆ 2022ರಲ್ಲಿ ಹೇಳಿದ್ದು, ಜನ ತಾವೇ ಅಳೆದುಕೊಳ್ಳಲಿ ಎಂದು. ಬಿಪಿ, ಸಕ್ಕರೆಗೆ ಸರ್ಕಾರದ ‘ನಮ್ಮ ಕ್ಲಿನಿಕ್’ ಸಾಕು, ದುಡ್ಡು ಕೊಡಬೇಕಿಲ್ಲ. ಇಎಸ್‌ಐ ಕಾರ್ಡಿದ್ದವರು ಅಲ್ಲಿಗೇ ಹೋಗಬಹುದು. ಸೋಮವಾರ ಬೆಳಿಗ್ಗೆ ಮಾತ್ರ ಬೇಡ, ಸಾಲು ರಸ್ತೆಗೆ ಬಂದಿರುತ್ತದೆ.